ಹಿತ್ತಲ ಗಿಡ, ಪಾಲುಪತ್ರ ಮತ್ತು ಕುಂಡ: ಚಿನ್ನಮನೂರಿನ ಒಂದು ತಾರಸಿಯ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಚರ್ಚೆಯ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ನನ್ನ ಧ್ವನಿ ಕೇಳ್ತಾ ಇದೆ ಅಂದ್ಕೋತೀನಿ. ಶೀರ್ಷಿಕೆ ನೋಡಿ, ಮನೆಯಲ್ಲಿ ಕುಂಡದಲ್ಲಿ ತರಕಾರಿ ಬೆಳೆಯೋದು ಹೇಗೆ ಅಂತ ಹೇಳಿಕೊಡ್ತಾರೆ ಎಂದು ಯಾರಾದರೂ ಬಂದಿದ್ದರೆ, ಅವರಿಗೆ ಪೂರ್ತಿ ನಿರಾಸೆ ಆಗೋದಿಲ್ಲ. ಅದೂ ಸ್ವಲ್ಪ ಇದೆ. ಆದರೆ ನನ್ನ ಪ್ರಶ್ನೆ ಬೇರೆ. ಕುಂಡದಲ್ಲಿ ಬೆಳೆಯುವ ಕೃಷಿಗೆ ಚರಿತ್ರೆ ಇದೆಯೇ? ಇದ್ದರೆ ಅದನ್ನು ಯಾವ ದಾಖಲೆಯಲ್ಲಿ ಹುಡುಕಬೇಕು? ಇದು ಇವತ್ತಿನ ವಿಷಯ.

ಮೊದಲು ನಾನು ಎಲ್ಲಿಂದ ಮಾತಾಡ್ತಿದ್ದೇನೆ ಎಂಬುದನ್ನು ಹೇಳಿಬಿಡಬೇಕು. ಚಿನ್ನಮನೂರು ತಮಿಳುನಾಡಿನ ತೇನಿ ಜಿಲ್ಲೆಯ ಒಂದು ಪಟ್ಟಣ. ಕಂಬಂ ಕಣಿವೆಯಲ್ಲಿದೆ. ಮೇಘಮಲೆಗೆ ಹತ್ತುವ ದಾರಿ ಹೊರಡೋದು ಅಲ್ಲಿಂದಲೇ. ಸುತ್ತ ಗದ್ದೆ, ಬಾಳೆ, ತೆಂಗು. ಸ್ವಲ್ಪ ದೂರ ಹೋದರೆ ದ್ರಾಕ್ಷಿ ಚಪ್ಪರ. ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಅದು ನನ್ನ ಅಮ್ಮನ ತವರೂರು. ನಮ್ಮದು ಕನ್ನಡ ಮನೆಮಾತಿನ ಕುಟುಂಬ. ಆ ಸೀಮೆಯಲ್ಲಿ ನಮ್ಮವರನ್ನು ಕಾಪ್ಪಿಲಿಯರ್ ಎಂದು ಕರೀತಾರೆ, ನಮ್ಮ ಹಿರಿಯರು ತಮ್ಮನ್ನು ಒಕ್ಕಲಿಗರು ಎಂದೇ ಹೇಳಿಕೊಳ್ತಾರೆ. ನಾನು ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ಅಕ್ಷರ ಕಲಿತದ್ದು ಮೈಸೂರಿಗೆ ಎಂ.ಎ. ಓದಲು ಬಂದ ಮೇಲೆ. ಹಾಗಾಗಿ ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

'ಹಿತ್ತಲ ಗಿಡ ಮದ್ದಲ್ಲ' ಅನ್ನೋ ಗಾದೆ ನಿಮಗೆಲ್ಲ ಗೊತ್ತು. ಹತ್ತಿರ ಇರೋದಕ್ಕೆ ಬೆಲೆ ಇಲ್ಲ ಎಂದು ಅರ್ಥ. ಚರಿತ್ರೆ ಓದುವವರಾಗಿ ನಾವು ಇದಕ್ಕೆ ಇನ್ನೊಂದು ಸಾಲು ಸೇರಿಸಿಕೊಂಡಿದ್ದೇವೆ ಅನ್ನಿಸುತ್ತೆ: ಹಿತ್ತಲ ಗಿಡ ದಾಖಲೆಯೂ ಅಲ್ಲ. ಅದು ಯಾಕೆ ಹೀಗಾಯಿತು ಎಂಬುದನ್ನು ನನ್ನ ಅಜ್ಜಿಯ ತಾರಸಿಯನ್ನು ಇಟ್ಟುಕೊಂಡು ನೋಡೋಣ.

1. ಕಣಿವೆಯ ಮೂರು ದಾಖಲೆಗಳು

ಚಿನ್ನಮನೂರಿನ ಹೆಸರು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅಲ್ಲಿ ಪಾಂಡ್ಯರ ಎರಡು ತಾಮ್ರಪಟಗಳು ಸಿಕ್ಕಿವೆ. ವಿದ್ವಾಂಸರು ಅವನ್ನು ಚಿಕ್ಕ ಪಟ, ದೊಡ್ಡ ಪಟ ಎಂದು ಗುರುತಿಸ್ತಾರೆ. ದೊಡ್ಡ ಪಟ ರಾಜಸಿಂಹನ ಕಾಲದ್ದು, ಅಂದರೆ 10ನೆಯ ಶತಮಾನದ್ದು. ಮಹಾಭಾರತವನ್ನು ತಮಿಳಿಗೆ ತಂದದ್ದು, ಮಧುರೆಯಲ್ಲಿ ಸಂಘ ಸ್ಥಾಪಿಸಿದ್ದು ಮೊದಲಾದ ಪಾಂಡ್ಯರ ಹೆಗ್ಗಳಿಕೆಗಳು ಅದರಲ್ಲಿ ಬರುವುದರಿಂದ ಸಾಹಿತ್ಯ ಚರಿತ್ರೆಯವರೂ ಅದನ್ನು ಮತ್ತೆ ಮತ್ತೆ ಉಲ್ಲೇಖಿಸ್ತಾರೆ. ಆದರೆ ಮೂಲತಃ ಅದೊಂದು ದಾನಪತ್ರ. ಭೂಮಿ ಯಾರಿಂದ ಯಾರಿಗೆ ಹೋಯಿತು ಎಂಬುದೇ ಇಂಥ ಪಟಗಳ ಜೀವ.

ಎರಡನೆಯ ದಾಖಲೆ ಮುಲ್ಲಪೆರಿಯಾರ್ ಒಪ್ಪಂದ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮದ್ರಾಸ್ ಪ್ರಾಂತ್ಯ ಕಂಡ ಸಾವು ನಿಮಗೆ ಗೊತ್ತು. ಅದಾದ ಮೇಲೆ, ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನೀರನ್ನು ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸುವ ಹಳೆಯ ಯೋಚನೆಗೆ ಜೀವ ಬಂತು. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನ ಜೊತೆ ಒಪ್ಪಂದ ಆಯಿತು: 999 ವರ್ಷದ ಗುತ್ತಿಗೆ, 8000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ. ಪೆನಿಕ್ವಿಕ್ ಕಟ್ಟಿಸಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ನೀರು ಸುರಂಗದ ಮೂಲಕ ಕಂಬಂ ಕಣಿವೆಗೆ ಇಳಿದು ವೈಗೈ ನದಿ ಸೇರುತ್ತೆ. ಈಗಲೂ ನೀರು ಸಾಕಷ್ಟು ಇದ್ದ ವರ್ಷ ಜೂನ್ ತಿಂಗಳಲ್ಲಿ ಕಣಿವೆಯ 14,707 ಎಕರೆಯ ಮೊದಲ ಭತ್ತದ ಬೆಳೆಗೆ ನೀರು ಬಿಡ್ತಾರೆ. ಅಂಕಿ ಎಷ್ಟು ಕರಾರುವಾಕ್ಕಾಗಿದೆ ನೋಡಿ. 14,700 ಅಲ್ಲ, 14,707.

ಮೂರನೆಯದು ವಸಾಹತು ಕಾಲದ ಜನ-ದನಗಳ ವಿವರಣೆ. 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಮದುರಾ ಗೆಜೆಟಿಯರ್, 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಜಾತಿ-ಬುಡಕಟ್ಟುಗಳ ಸಂಪುಟಗಳು. ಇವುಗಳಲ್ಲಿ ಕನ್ನಡ ಮಾತಾಡುವ ನಮ್ಮ ಜನ ಬರ್ತಾರೆ. ಬರೋದು ಮುಖ್ಯವಾಗಿ ದನಗಳ ಕಾರಣಕ್ಕೆ. ಕಂಬಂ ಊರಿನ ದೇವರ ಹಿಂಡು, ಅಂದರೆ ಈಗ ತಂಬಿರಾನ್ ಮಾಡು ಎಂದು ಹೆಸರಾದ ಹಿಂಡು, ಹೊರಗಿನವರಿಗೆ ದೊಡ್ಡ ಕುತೂಹಲ.

ಹೀಗೆ ಮೂರು ಬಗೆಯ ದಾಖಲೆ: ಒಂದರಲ್ಲಿ ಭೂಮಿ, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ದನ. ಮೂರೂ ಗಂಡಸರ ಒಡೆತನದ ಸಂಗತಿಗಳು. ಅಡುಗೆಮನೆಯ ಹಿಂದೆ ಒಡೆದ ಮಡಕೆಯಲ್ಲಿ ಬೆಳೆದ ದೊಡ್ಡಪತ್ರೆಗೆ ಇವುಗಳಲ್ಲಿ ಜಾಗವಿಲ್ಲ. ಇದು ದೂರು ಅಲ್ಲ. ಎಕರೆಯಲ್ಲಿ ಅಳೆಯುವ ದಾಖಲೆಗೆ ಒಂದು ಅಡಿ ಅಗಲದ ಕುಂಡ ಕಾಣೋದಿಲ್ಲ, ಅಷ್ಟೆ. 1943ರ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿಯ ಕಾಲಕ್ಕೆ ಮನೆಯಂಗಳದಲ್ಲೂ ತರಕಾರಿ ಬೆಳೆಯಿರಿ ಎಂಬ ಮಾತು ಕೇಳಿಬಂತು. ಆದರೆ ಸರ್ಕಾರದ ಲೆಕ್ಕ ಮಾತ್ರ ಎಕರೆ ಮತ್ತು ಟನ್ನಿನಲ್ಲೇ ಉಳಿಯಿತು.

2. ತಾರಸಿಯ ಪದರಗಳು

ದಾಖಲೆ ಇಲ್ಲ ಅಂದರೆ ಏನು ಮಾಡಬೇಕು? ಪುರಾತತ್ವದವರು ಮಾಡುವುದನ್ನೇ ನಾನೂ ಮಾಡಿದೆ. ವಸ್ತುಗಳನ್ನೇ ಪಟ್ಟಿ ಮಾಡಿದೆ. 2022ರ ಬೇಸಿಗೆ ರಜೆಯಲ್ಲಿ ಅಜ್ಜಿಯ ತಾರಸಿಯ ಮೇಲೆ ಕೂತು ಒಂದೊಂದೇ ಪಾತ್ರೆ ನೋಡಿ ಬರೆದುಕೊಂಡೆ. ಒಟ್ಟು 31 ಇದ್ದವು. 'ಕುಂಡ' ಅನ್ನೋದು ನಾನು ಪುಸ್ತಕದಿಂದ ತಂದ ಪದ. ಅಜ್ಜಿ ಎಲ್ಲಕ್ಕೂ 'ತೊಟ್ಟಿ' ಅನ್ನೋಳು. ತಮಿಳಿನಲ್ಲೂ ತೊಟ್ಟಿ, ನಮ್ಮಲ್ಲೂ ತೊಟ್ಟಿ. ಯಾರಿಂದ ಯಾರಿಗೆ ಬಂತು ಎಂದು ಜಗಳ ಆಡಬೇಕಾಗಿಲ್ಲ.

ತಾರಸಿಯಲ್ಲಿ ಅತಿ ಹಳೆಯವು ಮಣ್ಣಿನ ಮಡಕೆಗಳು. ಬಿರುಕು ಬಿಟ್ಟು ನೀರಿಗೆ ಆಗದೆ ಹೋದವು. ಅಡುಗೆಮನೆಯಿಂದ ನಿವೃತ್ತಿ ಆದ ಮೇಲೆ ಗಿಡಕ್ಕೆ ಬಂದವು. ನೀರು ಹೋಗಲು ತೂತು ಬೇಕಲ್ಲ, ಬಿರುಕೇ ತೂತು. ಆಮೇಲಿನವು ತಗಡಿನ ಡಬ್ಬಗಳು: ಸೀಮೆಎಣ್ಣೆಯ ಚೌಕ ಡಬ್ಬ, ಡಾಲ್ಡಾ ಡಬ್ಬ. ಡಾಲ್ಡಾ ಭಾರತದ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಹಾಗಾಗಿ ಈ ಪದರ ಅದಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮೂರನೆಯ ಪದರ ಬಣ್ಣದ ಪ್ಲಾಸ್ಟಿಕ್ ಬಕೆಟ್. ಮನೆಗೆ ಸುಣ್ಣ ಹೋಗಿ ಡಿಸ್ಟೆಂಪರ್ ಬಂದ ಮೇಲೆ ಸಿಕ್ಕಿದವು. ಕಡೆಯ ಪದರ ಸರ್ಕಾರದ ಬೆಳೆಚೀಲ. ಅದರ ಕಥೆ ಮುಂದೆ ಹೇಳ್ತೀನಿ.

ಒಂದು ಮಾತು ಗಮನಿಸಿ. ಇವುಗಳಲ್ಲಿ ಒಂದನ್ನೂ ಗಿಡಕ್ಕೆಂದು ದುಡ್ಡು ಕೊಟ್ಟು ಕೊಂಡಿರಲಿಲ್ಲ. ಚೀಲ ಬಿಟ್ಟು ಉಳಿದವೆಲ್ಲ ಬೇರೆ ಕೆಲಸ ಮುಗಿಸಿ ಬಂದವು. ಹಾಗಾಗಿ ಆ ಸಾಲು ಆ ಮನೆ ಏನು ತಿಂದಿತು, ಏನು ಸುಟ್ಟಿತು, ಏನು ಬಳಿದುಕೊಂಡಿತು ಎಂಬುದರ ಚರಿತ್ರೆ ಕೂಡ.

ಪಾತ್ರೆಯಲ್ಲಿ ಬೀಜ ಬಿತ್ತುವ ರೂಢಿ ಇದಕ್ಕಿಂತ ಹಳೆಯದು. ನಮ್ಮ ಸೀಮೆಯ ಅಮ್ಮನ ಹಬ್ಬಗಳಲ್ಲಿ ಮುಳೈಪ್ಪಾರಿ ಎತ್ತುತ್ತಾರೆ. ಹೆಂಗಸರು ಪಾತ್ರೆಯಲ್ಲಿ ಗೊಬ್ಬರ, ಹುಲ್ಲು ತುಂಬಿ ನವಧಾನ್ಯ ಹಾಕಿ, ಬೆಳಕು ಬೀಳದ ಕೋಣೆಯಲ್ಲಿಟ್ಟು ನೀರು ಚಿಮುಕಿಸಿ ಬೆಳೆಸ್ತಾರೆ. ಬೆಳಕಿಲ್ಲದೆ ಮೊಳಕೆ ಎತ್ತರವಾಗಿ, ತಿಳಿ ಹಳದಿಯಾಗಿ ಬರುತ್ತೆ. ಕೊನೆಯ ದಿನ ತಲೆಯ ಮೇಲೆ ಹೊತ್ತು ಮೆರವಣಿಗೆ ಹೋಗಿ ನೀರಿಗೆ ಬಿಡ್ತಾರೆ. ಉತ್ತರ ಕರ್ನಾಟಕದವರು ನವರಾತ್ರಿಯ ಘಟಸ್ಥಾಪನೆಯಲ್ಲಿ ಇದರ ಅಕ್ಕನನ್ನೋ ತಂಗಿಯನ್ನೋ ಕಂಡಿರ್ತೀರಿ. ತುಳಸಿಕಟ್ಟೆಯಂತೂ ಎಲ್ಲರಿಗೂ ಗೊತ್ತಿರುವ ಕುಂಡ. ಹಬ್ಬಕ್ಕೆ ಮೊಳಕೆ ಬರಿಸುವ ಈ ಕೈಗಳೇ ಮಳೆಗೆ ಮುಂಚೆ ಬದನೆ ಬೀಜ ಪರೀಕ್ಷೆ ಮಾಡ್ತಿದ್ದವು. ಅಜ್ಜಿ ಮುಳೈಪ್ಪಾರಿ ಚೆನ್ನಾಗಿ ಬಂದ ವರ್ಷ ಮಾತ್ರ ಆ ಬೀಜದ ಗಂಟನ್ನು ನಂಬ್ತಿದ್ದಳು. ಅದು ಭಕ್ತಿಯೂ ಹೌದು, ಮೊಳಕೆ ಪರೀಕ್ಷೆಯೂ ಹೌದು.

3. ಪಾಲುಪತ್ರ

ಈಗ ಪ್ರಬಂಧದ ಮುಖ್ಯ ಭಾಗಕ್ಕೆ ಬರ್ತೀನಿ. ಇದು ನನ್ನ ಮನೆಯ ದಾಖಲೆ, ಮನೆಯವರ ಒಪ್ಪಿಗೆ ಪಡೆದೇ ಬಳಸಿದ್ದೇನೆ.

ನನ್ನ ಅಮ್ಮನ ಮದುವೆ ಆದದ್ದು 1987ರಲ್ಲಿ. 1993ರಲ್ಲಿ ತಾತ ಬದುಕಿದ್ದಾಗಲೇ ಆಸ್ತಿ ಪಾಲಾಯಿತು. ನೋಂದಣಿ ಆದ ಪಾಲುಪತ್ರ ಇದೆ. ತಮಿಳಿನಲ್ಲಿ ಬರೆದದ್ದು. ನಂಜೆ ಇಷ್ಟು, ಪುಂಜೆ ಇಷ್ಟು, ಬಾವಿಯಲ್ಲಿ ಇಷ್ಟು ಭಾಗ, ಮನೆ, ದನದ ಕೊಟ್ಟಿಗೆ, ಹಿತ್ತಲು. ಎಲ್ಲಕ್ಕೂ ನಾಲ್ಕು ದಿಕ್ಕಿನ ಎಲ್ಲೆ. ಮೂವರು ಗಂಡುಮಕ್ಕಳಿಗೆ ಮೂರು ಪಾಲು. ಅಮ್ಮ, ಚಿಕ್ಕಮ್ಮ ಇಬ್ಬರ ಹೆಸರೂ ಅದರಲ್ಲಿ ಇಲ್ಲ.

ಇದು ಕಾನೂನಿಗೆ ವಿರುದ್ಧವಾಗಿತ್ತಾ? ಇಲ್ಲ. ತಮಿಳುನಾಡು 1989ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಕರ್ನಾಟಕಕ್ಕೆ ಇದು ಬಂದದ್ದು 1994ರಲ್ಲಿ. ಆದರೆ ಎರಡೂ ರಾಜ್ಯಗಳಲ್ಲಿ ಒಂದು ಷರತ್ತು ಇತ್ತು: ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆ ಆದವರಿಗೆ ಇದು ಅನ್ವಯಿಸುವುದಿಲ್ಲ. ತಮಿಳುನಾಡಿನಲ್ಲಿ ಆ ಗೆರೆ 1989ರ ಮಾರ್ಚ್ 25. ಅಮ್ಮ ಎರಡು ವರ್ಷ ಮೊದಲೇ ಮದುವೆಯಾಗಿ ಗೆರೆಯ ಆಚೆ ಉಳಿದಳು. ಚಿಕ್ಕಮ್ಮನೂ ಅಷ್ಟೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಈ ಷರತ್ತು ಹೋಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಪಾಲುಗಳನ್ನು ಅದು ಮುಟ್ಟಲಿಲ್ಲ. ಹಾಗಾಗಿ 1993ರ ಪತ್ರ ಗಟ್ಟಿಯಾಗಿ ನಿಂತಿತು.

ಈಗ ಕುಂಡದ ಕಡೆ ಬನ್ನಿ. ಹಿತ್ತಲು ಚಿಕ್ಕ ಮಾವನ ಪಾಲಿಗೆ ಹೋಯಿತು. ಅಲ್ಲಿ ಅವರು ಮನೆ ಕಟ್ಟಿದರು. ಹಿತ್ತಲಲ್ಲಿ ದನಕ್ಕೆ ಕಲಗಚ್ಚು ಹಾಕ್ತಿದ್ದ ಒಂದು ಕಲ್ಲಿನ ತೊಟ್ಟಿ ಇತ್ತು. ಅಜ್ಜಿ ಅದರಲ್ಲಿ ಬಸಳೆ ಹಬ್ಬಿಸಿದ್ದಳು. ಪಾಲುಪತ್ರದಲ್ಲಿ ಆ ತೊಟ್ಟಿಯ ಹೆಸರಿದೆ! ಯಾಕೆಂದರೆ ಅದು ನೆಲಕ್ಕೆ ಹೂತದ್ದು, ಸ್ಥಿರ ಆಸ್ತಿ. ಮಡಕೆ, ಡಬ್ಬಗಳ ಹೆಸರಿಲ್ಲ. ಅವು ಎತ್ತಿ ಒಯ್ಯಬಹುದಾದವು. ಬರೆಯುವವರಿಗೆ ಅವು ಆಸ್ತಿ ಎಂದು ಅನ್ನಿಸಲೇ ಇಲ್ಲ. ಅಜ್ಜಿ ಅವುಗಳನ್ನು ಒಂದೊಂದಾಗಿ ಎತ್ತಿಕೊಂಡು ದೊಡ್ಡ ಮಾವನ ಮನೆಯ ತಾರಸಿಗೆ ಏರಿಸಿದಳು. ಬಸಳೆಯ ಒಂದು ಕುಡಿ ಕತ್ತರಿಸಿ ಡಾಲ್ಡಾ ಡಬ್ಬಕ್ಕೆ ಊರಿದಳು. ಕಲ್ಲು ತೊಟ್ಟಿ ಹೋಯಿತು, ಬಸಳೆ ಉಳಿಯಿತು.

ಇಲ್ಲಿ ನನ್ನ ವಾದ ಇಷ್ಟೆ. ತಾರಸಿ ತೋಟವನ್ನು ನಾವು ಪಟ್ಟಣದ ಬಿಡುವಿನ ಹವ್ಯಾಸ ಎಂದು ಓದ್ತೇವೆ. ಈ ಮನೆಯ ಮಟ್ಟಿಗೆ ಅದು ಪಾಲಿನ ಚರಿತ್ರೆ. ನೆಲದ ಮೇಲೆ ಹಕ್ಕಿಲ್ಲದವರು ಎತ್ತಿ ಒಯ್ಯಬಹುದಾದ ನೆಲವನ್ನು ಮಾಡಿಕೊಂಡ ಕಥೆ. ಮದುವೆಯಾಗಿ ಬೋಡಿನಾಯಕನೂರಿಗೆ ಹೋಗುವಾಗ ಅಮ್ಮ ಸೀರೆಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದದ್ದು ದೊಡ್ಡಪತ್ರೆಯ ಮೂರು ಕಡ್ಡಿ. ಆ ಗಿಡದ ಸ್ವಭಾವವೇ ಹಾಗೆ. ಬೀಜ ಬೇಡ, ಬೇರು ಬೇಡ, ಗೆಣ್ಣಿರುವ ಒಂದು ಕಡ್ಡಿ ಸಾಕು. ಪುದೀನ, ಬಸಳೆ, ಒಂದೆಲಗ, ಹೊನಗೊನ್ನೆಯೂ ಅಷ್ಟೆ, ತುಂಡಿನಿಂದಲೇ ಬರ್ತವೆ. ನಮ್ಮ ಹೆಂಗಸರ ತೊಟ್ಟಿಗಳಲ್ಲಿ ಇಂಥ ಗಿಡಗಳೇ ಹೆಚ್ಚು ಇರೋದು ಆಕಸ್ಮಿಕ ಅಲ್ಲ ಎಂದು ನನಗೆ ಅನ್ನಿಸುತ್ತೆ. ಗಂಟಿನಲ್ಲಿ ಪ್ರಯಾಣ ಮಾಡಬಲ್ಲ ಗಿಡಗಳು ಅವು.

ಅಜ್ಜಿಯ ಮಣ್ಣಿನ ಮಿಶ್ರಣದ ಬಗ್ಗೆಯೂ ಹೇಳಬೇಕು. ಒಂದು ಪಾಲು ಮಣ್ಣು, ಒಂದು ಪಾಲು ಹಳೇ ಸಗಣಿ ಗೊಬ್ಬರ, ಒಂದು ಪಾಲು ಮರಳು. ನಾನು ಒಮ್ಮೆ ಜಾಣತನ ತೋರಿಸಿ ಬರೀ ಗದ್ದೆ ಮಣ್ಣು ತುಂಬಿದೆ. ಫಲವತ್ತಾದ ಮಣ್ಣು ಅಲ್ವಾ! ಒಂದು ತಿಂಗಳಲ್ಲಿ ಇಟ್ಟಿಗೆ ಆಯಿತು. ಗದ್ದೆಯಲ್ಲಿ ನೀರು ಕೆಳಕ್ಕೆ ಇಂಗಿ ಹೋಗಲು ಜಾಗವಿದೆ. ಡಬ್ಬದಲ್ಲಿ ತಳ ಹತ್ತಿರ. ನುಣುಪು ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಟ್ಟುಕೊಡೋದಿಲ್ಲ, ತಳದಲ್ಲಿ ನೀರು ನಿಲ್ಲುತ್ತೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತೆ. ಮರಳು ಹಾಕೋದು ಈ ಕಾರಣಕ್ಕೆ. ಅಜ್ಜಿ ನನ್ನ ಇಟ್ಟಿಗೆಯನ್ನು ನೋಡಿ ಹೇಳಿದ್ದು: "ಮೂವರಿಗೂ ಸಮ ಪಾಲು ಕೊಟ್ರೆ ಗಿಡ ಬದುಕ್ತದೆ. ಎಲ್ಲಾ ಒಬ್ಬನಿಗೇ ಕೊಟ್ರೆ ಹಿಂಗೇ." ಮಣ್ಣಿನ ಬಗ್ಗೆಯೇ ಹೇಳಿದ್ದಳೋ ಏನೋ, ನಾನು ಕೇಳಲಿಲ್ಲ.

4. ಅನ್ನಂಜಿಯ ಟೊಮೇಟೊ

ಎರಡನೆಯ ಉದಾಹರಣೆ ಕಣಿವೆಯದೇ. ತೇನಿ ಜಿಲ್ಲೆಯ ಪೆರಿಯಕುಳಂನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ತೋಟಗಾರಿಕೆ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಇದೆ. ನೀವು 'ಪಿಕೆಎಂ 1' ನುಗ್ಗೆಯ ಹೆಸರು ಕೇಳಿರಬಹುದು. ಒಂದೇ ವರ್ಷದಲ್ಲಿ ಕಾಯಿ ಬಿಡುವ ತಳಿ, 1989ರಲ್ಲಿ ಬಿಡುಗಡೆ ಆದದ್ದು. ಆ ಪಿಕೆಎಂ ಅಂದರೆ ಪೆರಿಯಕುಳಂ. ಕರ್ನಾಟಕದ ನುಗ್ಗೆ ಬೆಳೆಗಾರರಲ್ಲೂ ಇದು ಮನೆಮಾತು.

ಅದೇ ಹೆಸರಿನ ಟೊಮೇಟೊ ತಳಿಯೂ ಇದೆ. ಪಿಕೆಎಂ 1 ಟೊಮೇಟೊ, 1978. ತಳಿ ವಿವರಣೆಯಲ್ಲಿ ಒಂದು ಸಣ್ಣ ಸಾಲು ಬರುತ್ತೆ: ಇದು 'ಅನ್ನಂಜಿ' ಎಂಬ ಸ್ಥಳೀಯ ತಳಿಯಿಂದ ಪ್ರೇರಿತ ರೂಪಾಂತರದ ಮೂಲಕ ಪಡೆದದ್ದು. ಅನ್ನಂಜಿ ಅನ್ನೋದು ತೇನಿ ಪಟ್ಟಣದ ಮಗ್ಗುಲಲ್ಲೇ ಇರುವ ಊರು. ಪಿಕೆಎಂ 1 ಬದನೆಯ ಕಥೆಯೂ ಇದೇ, 'ಪುಳುದಿ ಕತ್ತರಿ' ಎಂಬ ಸ್ಥಳೀಯ ಬದನೆಯಿಂದ ಬಂದದ್ದು.

ನಾನು ಇಲ್ಲಿ ವಿಜ್ಞಾನಿಗಳ ಮೇಲೆ ದೂರು ಹೇಳ್ತಿಲ್ಲ. ಮೂಲ ತಳಿಯ ಹೆಸರನ್ನು ಅವರು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದಲೇ ಇವತ್ತು ನಾನು ಈ ಮಾತಾಡಲು ಸಾಧ್ಯ ಆಯ್ತು. ಆದರೆ ಚರಿತ್ರೆಯ ಪ್ರಶ್ನೆ ಕೇಳಲೇಬೇಕು. ಟೊಮೇಟೊ ಅಮೆರಿಕ ಖಂಡದಿಂದ ಬಂದ ಗಿಡ. ಅದು ಅನ್ನಂಜಿಯಲ್ಲಿ 'ಅನ್ನಂಜಿ ಟೊಮೇಟೊ' ಆಗಬೇಕಾದರೆ ಯಾರೋ ವರ್ಷ ವರ್ಷ ಒಳ್ಳೆ ಹಣ್ಣು ಆರಿಸಿ, ಬೀಜ ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಇಟ್ಟಿರಬೇಕು. ಆ ಕೈ ಯಾರದು? ದಾಖಲೆಯಲ್ಲಿ ಊರಿನ ಹೆಸರಿದೆ, ಕೈಯ ಹೆಸರಿಲ್ಲ. ದಾನಶಾಸನದಲ್ಲಿ ಕೊಟ್ಟವರ, ಪಡೆದವರ ಹೆಸರು ಇರುತ್ತೆ. ಇಲ್ಲಿ ಪಡೆದವರದು ಮಾತ್ರ ಇದೆ.

5. ಚೀಲ ಬಂತು

ಈಗ ಕಡೆಯ ಪದರ. ತಮಿಳುನಾಡು ಸರ್ಕಾರ 2013ರ ಹೊತ್ತಿಗೆ ಚೆನ್ನೈ, ಕೊಯಮತ್ತೂರಿನಲ್ಲಿ ತಾರಸಿ ತೋಟದ ಕಿಟ್ ಕೊಡಲು ಶುರು ಮಾಡಿತು. 2021ರ ಆಗಸ್ಟ್‌ನಲ್ಲಿ ರಾಜ್ಯದ ಮೊದಲ ಪ್ರತ್ಯೇಕ ಕೃಷಿ ಬಜೆಟ್ ಬಂತು, ಆ ವರ್ಷ ಈ ಕಿಟ್ ಜಿಲ್ಲೆಗಳಿಗೂ ಹರಡಿತು. ಬೆಳೆಚೀಲ, ತೆಂಗಿನ ನಾರಿನ ಪುಡಿ, ತರಕಾರಿ ಬೀಜ, ಅಜೋಸ್ಪಿರಿಲಂ, ಟ್ರೈಕೋಡರ್ಮಾ, ಬೇವಿನೆಣ್ಣೆ, ಒಂದು ಕೈಪಿಡಿ. ನಮ್ಮ ಮನೆಗೂ ಒಂದು ಬಂತು. ಕೈಪಿಡಿಯನ್ನು ಅಜ್ಜಿಗೆ ಓದಿ ಹೇಳಿದ್ದು ನಾನೇ. ಅವಳು ಎಲ್ಲ ಕೇಳಿ, "ಸರಿ, ಬೀಜ ಯಾವೂರ್ದು?" ಅಂದಳು. ಅದು ಕೈಪಿಡಿಯಲ್ಲಿ ಇರಲಿಲ್ಲ.

ಈ ಹೊತ್ತಿಗೆ ಬೆಂಗಳೂರಿನ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡೋಣ. ಅಲ್ಲಿ ಸಾವಯವ ತಾರಸಿ ತೋಟವನ್ನು ಒಂದು ಚಳವಳಿಯಾಗಿ ಕಟ್ಟಿದವರಲ್ಲಿ ಡಾ. ಬಿ.ಎನ್. ವಿಶ್ವನಾಥ್ ಪ್ರಮುಖರು. 2011ರಲ್ಲಿ ಶುರುವಾದ 'ಊಟ ಫ್ರಂ ಯುವರ್ ತೋಟ' ಮೇಳಗಳಲ್ಲಿ ಸಾವಿರಾರು ಜನ ಬೀಜ ಹಂಚಿಕೊಂಡರು. ಅದು ದೊಡ್ಡ ಕೆಲಸ. ಅದರ ಬಗ್ಗೆ ಬರವಣಿಗೆ ಇದೆ, ಫೋಟೋ ಇದೆ, ತಾರೀಖು ಇದೆ. ಮುಂದೆ ಯಾರಾದರೂ ಕನ್ನಡ ಜನರ ಕುಂಡ ಕೃಷಿಯ ಚರಿತ್ರೆ ಬರೆದರೆ ಅಲ್ಲಿಂದ ಶುರು ಮಾಡುವುದು ಸುಲಭ. ನನ್ನ ಆತಂಕ ಅಷ್ಟೆ: ಸುಲಭವಾದದ್ದೇ ಆರಂಭ ಆಗಿಬಿಡುತ್ತೆ.

ಚೀಲದ ಅನುಭವ ಮಿಶ್ರ. ನಾರಿನ ಪುಡಿ ಹಗುರ, ನೀರು ಹಿಡಿಯುತ್ತೆ, ತಾರಸಿಗೆ ಭಾರ ಇಲ್ಲ. ಆದರೆ ಹಸಿ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತೆ, ಕೊಳೆಯದ ಲಿಗ್ನಿನ್ ಇರುತ್ತೆ. ನಾನು ಒಂದು ಅಂಗಡಿಯಿಂದ ಹೆಚ್ಚುವರಿ ಇಟ್ಟಿಗೆ ತಂದು, ತೊಳೆಯದೆ ಬಳಸಿ ಮೆಂತ್ಯದ ಸಸಿಗಳ ಅಂಚು ಸುಡಿಸಿದೆ. ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಗೊಬ್ಬರ ಬೆರೆಸಿ ಕೆಲವು ವಾರ ಬಿಟ್ಟ ಮೇಲೆ ಸರಿಹೋಯಿತು.

ಗೊಬ್ಬರ ಎಲ್ಲಿಂದ? ಇಲ್ಲಿ ಮತ್ತೆ ದನ ಬರುತ್ತೆ. 2021ರ ಫೆಬ್ರವರಿಯಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಮೀಸಲು ಪ್ರದೇಶ ಘೋಷಣೆ ಆಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಆಮೇಲೆ ಆ ಆದೇಶವನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ಕಾಡಿನ ಪಕ್ಷದ ವಾದವೂ ಇದೆ, ಮಲೆ ದನ ಸಾಕುವವರ ವಾದವೂ ಇದೆ; ಇಲ್ಲಿ ತೀರ್ಮಾನ ಹೇಳೋದು ನನ್ನ ಕೆಲಸ ಅಲ್ಲ. ನಮ್ಮ ಕೊಟ್ಟಿಗೆಯಂತೂ ಅದಕ್ಕಿಂತ ಮೊದಲೇ ಖಾಲಿ ಆಗಿತ್ತು. ದನ ಕಾಯ್ದ ಜನ ಅಂತ ಥರ್ಸ್ಟನ್ ಪುಸ್ತಕ ಸೇರಿದ ಮನೆಯ ಅಜ್ಜಿ, ಕಡೆಗಾಲದಲ್ಲಿ ಗೊಬ್ಬರವನ್ನು ಚೀಲದ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಂಡಳು.

6. ಎರಡನೆಯ ಪಾಲು

ಅಜ್ಜಿ ತೀರಿಕೊಂಡದ್ದು 2023ರಲ್ಲಿ. ಹದಿನಾರನೆಯ ದಿನದ ಕಾರ್ಯ ಮುಗಿದ ಮಾರನೆ ಬೆಳಿಗ್ಗೆ ಅಮ್ಮ, ಚಿಕ್ಕಮ್ಮ, ಮೂವರು ಅತ್ತೆಯರು ತಾರಸಿಗೆ ಹೋದರು. ನಾನೂ ಹಿಂದೆ ಹೋದೆ, ಪಟ್ಟಿ ಹಿಡಿದುಕೊಂಡು. ನನ್ನ ಪಟ್ಟಿ ಯಾರಿಗೂ ಬೇಕಾಗಲಿಲ್ಲ. ಐವರೂ ಕೂತು ಪಾಲು ಮಾಡಿದರು. ಕರಿಬೇವು ದೊಡ್ಡದು, ಎತ್ತಲಾಗದು, ಅದು ಆ ಮನೆಯ ಅತ್ತೆಗೇ ಇರಲಿ. ಬಸಳೆ ಎಲ್ಲರಿಗೂ ಒಂದೊಂದು ಕುಡಿ. ಬದನೆ ಬೀಜದ ಗಂಟು ಐದು ಭಾಗ. ಒಂದೆಲಗ ಚಿಕ್ಕಮ್ಮನಿಗೆ, ಅವಳ ಊರಲ್ಲಿ ನೀರು ಚೆನ್ನಾಗಿದೆ. ಸೊಸೆಯರಿಗೂ ಹೆಣ್ಣುಮಕ್ಕಳಿಗೂ ಸಮ. ಮದುವೆ ಯಾವ ವರ್ಷ ಆಯಿತು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಒಂದು ಗಂಟೆಯಲ್ಲಿ ಮುಗಿಯಿತು. ಕಾಗದ ಇಲ್ಲ, ಸಹಿ ಇಲ್ಲ.

ಆ ಒಂದು ಗಂಟೆಯ ಮಾತು ಪೂರ್ತಿ ಕನ್ನಡದಲ್ಲಿ ಆಯಿತು ಎಂಬುದು ನನಗೆ ಹೊಳೆದದ್ದು ರಾತ್ರಿ ಟಿಪ್ಪಣಿ ಬರೆಯುವಾಗ. ಕೆಳಗೆ ಅಂಗಳದಲ್ಲಿ ಲೆಕ್ಕಾಚಾರ, ಬಾಡಿಗೆ, ಬ್ಯಾಂಕು ಎಲ್ಲ ತಮಿಳಿನಲ್ಲಿ ನಡೀತಿತ್ತು. ಅಕ್ಕಪಕ್ಕದವರ ಹತ್ತಿರ ಅಮ್ಮ ಕರ್ಪೂರವಳ್ಳಿ, ವಲ್ಲಾರೈ, ಪೊನ್ನಾಂಕಣ್ಣಿ ಎಂದೇ ಹೇಳೋದು. ತಾರಸಿಯ ಮೇಲೆ ಅದೇ ಗಿಡಗಳು ದೊಡ್ಡಪತ್ರೆ, ಒಂದೆಲಗ, ಹೊನಗೊನ್ನೆ ಆಗಿದ್ದವು. ತಮಿಳು ನನಗೆ ಪರಕೀಯ ಅಲ್ಲ, ನಾನು ಯೋಚನೆ ಮಾಡೋದು ಅರ್ಧ ಅದರಲ್ಲೇ. ಆದರೆ ಲಿಪಿ ಇಲ್ಲದೆ ಬಂದ ಒಂದು ಮನೆಮಾತು ಎಲ್ಲಿ ಉಳಿಯುತ್ತೆ ಎಂದು ಕೇಳಿದರೆ, ಹೀಗೆ ಕೈಯಿಂದ ಕೈಗೆ ಹೋಗುವ ವಸ್ತುಗಳ ಹೆಸರಿನಲ್ಲಿ ಉಳಿಯುತ್ತೆ ಎಂಬುದಕ್ಕೆ ಇದು ನಾನು ಕಂಡ ಸಾಕ್ಷಿ. ಒಂದು ಮನೆಯ ಸಾಕ್ಷಿ. ಇಡೀ ಕಣಿವೆಗೆ ಇದನ್ನು ಅನ್ವಯಿಸುವ ಮೊದಲು ಕಂಬಂ, ಬೋಡಿಯ ಕನ್ನಡ ಮನೆಗಳ ತಾರಸಿಗಳನ್ನೂ ಹತ್ತಬೇಕು. ಅದು ಮುಂದಿನ ಕೆಲಸ.

ಚರ್ಚೆಯಿಂದ

ಪ್ರಶ್ನೆ: ಮನೆಯವರ ನೆನಪನ್ನು ಆಕರವಾಗಿ ಬಳಸುವಾಗ ಎಚ್ಚರಿಕೆ ಏನು?

ಉತ್ತರ: ನೆನಪನ್ನು ಪಾಲುಪತ್ರದ ಪಕ್ಕ ಇಟ್ಟು ಓದಿದ್ದೇನೆ, ಪಾಲುಪತ್ರವನ್ನು ಕಾಯ್ದೆಯ ಪಕ್ಕ. ಕಲ್ಲು ತೊಟ್ಟಿಯ ವಿಷಯದಲ್ಲಿ ಅಜ್ಜಿ ಹೇಳಿದ್ದು, ಪತ್ರದಲ್ಲಿ ಇರೋದು ಎರಡೂ ಹೊಂದಿದವು. ಡಬ್ಬಗಳ ವಿಷಯದಲ್ಲಿ ಅವಳು ಹೇಳಿದ ವರ್ಷಗಳು ಹೊಂದಲಿಲ್ಲ. ಅಲ್ಲಿ ನಾನು ಡಬ್ಬವನ್ನೇ ನಂಬಿದೆ.

ಪ್ರಶ್ನೆ: ಕುಂಡವನ್ನು 'ಎತ್ತಿ ಒಯ್ಯಬಹುದಾದ ನೆಲ' ಎಂದಿರಿ. ಇದು ಅನ್ಯಾಯಕ್ಕೆ ಸಿಹಿ ಹಚ್ಚಿದ ಹಾಗೆ ಆಗೋದಿಲ್ಲವೇ? 31 ಡಬ್ಬ ಎಷ್ಟು ಎಕರೆಗೆ ಸಮ?

ಉತ್ತರ: ಸಮ ಅಲ್ಲ. ಈ ಪ್ರಶ್ನೆ ಸರಿಯಾಗಿದೆ, ಧನ್ಯವಾದ. ಲೆಕ್ಕ ಹಾಕಿದರೆ 31 ಡಬ್ಬದಲ್ಲಿ ಮನೆಗೆ ಸೊಪ್ಪು, ಮೆಣಸಿನಕಾಯಿ, ಕೆಮ್ಮಿಗೆ ಎಲೆ ಸಿಗುತ್ತೆ. ಮಗಳ ಫೀಸು ಸಿಗೋದಿಲ್ಲ. ಈ ಪ್ರಬಂಧವನ್ನು ಅಮ್ಮನಿಗೆ ಓದಿ ಹೇಳಿದೆ. ತಾರಸಿಯ ಭಾಗ ಬಂದಾಗ ಅವಳು ನಕ್ಕಳು. ಪಾಲುಪತ್ರದ ಭಾಗ ಬಂದಾಗ ನಗಲಿಲ್ಲ. "ನಮಗೆ ತೊಟ್ಟಿ ಬಿಟ್ಟುಕೊಟ್ಟು ಅವರು ನೆಲ ಉಳಿಸ್ಕೊಂಡ್ರು. ಅದನ್ನೂ ಬರಿ," ಅಂದಳು. ಅದಕ್ಕೇ ಇದನ್ನು ಕೊನೆಯಲ್ಲಿ ಸೇರಿಸಿದ್ದೇನೆ. ಅವಳ ಬಾಲ್ಕನಿಯಲ್ಲಿ ದೊಡ್ಡಪತ್ರೆ ಈಗ ನಾಲ್ಕು ಬಕೆಟ್ ಆಗಿದೆ. ನನ್ನ ಹಾಸ್ಟೆಲ್ ಕಿಟಕಿಯಲ್ಲಿ ಒಂದು ಇದೆ.